ಗಾಯ ಮಾಯ್ದ ಮೇಲೆ ಉಳಿಯುವ ಕಲೆ: ಲೇಸರ್ ಎಲ್ಲಿ ನೆರವಾಗುತ್ತದೆ, ಎಲ್ಲಿ ಸಾಲದು

"ಈ ಕಲೆಯನ್ನು ಲೇಸರ್ ಮಾಡಿಸಿ ತೆಗೆಸಬಹುದೇ?" ಎಂಬುದು ಚರ್ಮರೋಗ ತಜ್ಞರ ಮುಂದೆ ಕುಳಿತವರಲ್ಲಿ ಹಲವರ ಮೊದಲ ಪ್ರಶ್ನೆ. ಈ ಒಂದು ಸಾಲಿನ ಪ್ರಶ್ನೆಯಲ್ಲಿ ಎರಡು ನಂಬಿಕೆಗಳು ಅಡಗಿವೆ. ಕಲೆ ಎಂಬುದು ಚರ್ಮದ ಮೇಲೆ ಅಂಟಿಕೊಂಡಿರುವ ಯಾವುದೋ ಪದಾರ್ಥ, ಅದನ್ನು ಅಳಿಸಿ ಹಾಕಬಹುದು ಎಂಬುದು ಒಂದು; ಕಲೆಗಳೆಲ್ಲ ಒಂದೇ ಜಾತಿಯವು, ಒಂದೇ ಯಂತ್ರ ಎಲ್ಲಕ್ಕೂ ಸಾಕು ಎಂಬುದು ಇನ್ನೊಂದು. ಈ ಎರಡು ನಂಬಿಕೆಗಳಿಂದಾಗಿಯೇ ಎಷ್ಟೋ ಜನ ತಮಗೆ ಒಗ್ಗದ ಚಿಕಿತ್ಸೆಗೆ ಹಣ ಸುರಿದು, ನೋವನ್ನೂ ತಿಂದು, ಕೊನೆಗೆ ಮೊದಲಿಗಿಂತ ದೊಡ್ಡ ಗಂಟಿನೊಂದಿಗೆ ಹಿಂದಿರುಗುತ್ತಾರೆ. ಕಲೆಯನ್ನು ಪೂರ್ತಿಯಾಗಿ ಇಲ್ಲವಾಗಿಸುವ ಚಿಕಿತ್ಸೆ ಇಂದಿಗೂ ಇಲ್ಲ. ಅದರ ಕೆಂಪನ್ನು ಇಳಿಸಬಹುದು, ಎತ್ತರವನ್ನು ತಗ್ಗಿಸಬಹುದು, ಗಡಸುತನವನ್ನು ಮೆತ್ತಗಾಗಿಸಬಹುದು, ತುರಿಕೆ ಮತ್ತು ನೋವನ್ನು ಶಮನ ಮಾಡಬಹುದು, ಕೀಲುಗಳ ಮೇಲೆ ಬಿಗಿದುಕೊಂಡ ಚರ್ಮವನ್ನು ಸಡಿಲಿಸಬಹುದು. ಇವುಗಳಲ್ಲಿ ತಮಗೆ ಬೇಕಾದದ್ದು ಯಾವುದು ಎಂದು ಮೊದಲು ಗೊತ್ತುಮಾಡಿಕೊಂಡವರಿಗೆ ಮುಂದಿನ ದಾರಿ ಬಹಳ ಸುಲಭವಾಗುತ್ತದೆ.

ಕಲೆ ಏಕೆ ಅಳಿಯುವುದಿಲ್ಲ ಎಂಬುದನ್ನು ತಿಳಿಯಲು ಗಾಯ ಮಾಯುವ ಕ್ರಮವನ್ನು ಸ್ವಲ್ಪ ನೋಡಬೇಕು. ಚರ್ಮದ ತೆಳುವಾದ ಹೊರಪದರ ಮಾತ್ರ ತರಚಿದರೆ ಅದು ಕೆಲವೇ ದಿನಗಳಲ್ಲಿ ಗುರುತಿಲ್ಲದಂತೆ ಕೂಡಿಕೊಳ್ಳುತ್ತದೆ. ಗಾಯ ಒಳಚರ್ಮದವರೆಗೆ ಇಳಿದಾಗ ಮಾತ್ರ ಕಲೆಯ ಪ್ರಶ್ನೆ ಏಳುತ್ತದೆ. ಮೊದಲು ರಕ್ತ ಹೆಪ್ಪುಗಟ್ಟುತ್ತದೆ. ಆಮೇಲೆ ಕೆಲವು ದಿನ ಉರಿಯೂತ ನಡೆದು ಸತ್ತ ಜೀವಕೋಶಗಳೂ ರೋಗಾಣುಗಳೂ ಶುಚಿಯಾಗುತ್ತವೆ. ಅನಂತರ ಫೈಬ್ರೊಬ್ಲಾಸ್ಟ್ ಎಂಬ ಜೀವಕೋಶಗಳು ಗಾಯದೊಳಗೆ ಬಂದು ಕೊಲಾಜೆನ್ ಎಂಬ ನಾರಿನಂಥ ಪ್ರೋಟೀನನ್ನು ನೇಯತೊಡಗುತ್ತವೆ. ಆರಂಭದಲ್ಲಿ ಅವು ಹಾಕುವುದು ಮೂರನೆಯ ಬಗೆಯ ತೆಳು ಕೊಲಾಜೆನ್. ಮುಂದಿನ ತಿಂಗಳುಗಳಲ್ಲಿ ಅದು ಕರಗುತ್ತಾ, ಒಂದನೆಯ ಬಗೆಯ ದಪ್ಪ ನಾರು ಅದರ ಜಾಗಕ್ಕೆ ಬರುತ್ತದೆ. ಆದರೆ ಈ ನೇಯ್ಗೆ ಮೊದಲಿನ ನೇಯ್ಗೆಯಲ್ಲ. ಆರೋಗ್ಯವಂತ ಚರ್ಮದಲ್ಲಿ ನಾರುಗಳು ಬುಟ್ಟಿಯ ಹೆಣಿಗೆಯಂತೆ ಅಡ್ಡಾದಿಡ್ಡಿ ಹಾಯ್ದು ಎಲ್ಲ ಕಡೆಗೂ ಹಿಗ್ಗುತ್ತವೆ. ಕಲೆಯಲ್ಲಿ ಅವು ಒಂದೇ ದಿಕ್ಕಿಗೆ ಒತ್ತೊತ್ತಾಗಿ ಮಲಗಿರುತ್ತವೆ. ಕೂದಲಿನ ಬೇರು, ಬೆವರು ಗ್ರಂಥಿ, ಎಣ್ಣೆ ಗ್ರಂಥಿ ಇವು ಅಲ್ಲಿ ಮರಳಿ ಹುಟ್ಟುವುದಿಲ್ಲ. ಮಾಯ್ದ ಚರ್ಮದ ಬಲ ಮೂಲ ಚರ್ಮದ ಸುಮಾರು 80 ಶೇಕಡಕ್ಕಿಂತ ಮೇಲೆ ಎಂದೂ ಹೋಗುವುದಿಲ್ಲ. ಅಂದರೆ ಕಲೆ ಎಂಬುದು ದೇಹ ಅವಸರದಲ್ಲಿ ಹಾಕಿದ ತೇಪೆ, ಮತ್ತು ಆ ತೇಪೆಯೇ ಈಗ ನಮ್ಮ ಚರ್ಮ.

ಈ ಕೆಲಸ ಗಾಯ ಮುಚ್ಚಿದ ದಿನಕ್ಕೆ ಮುಗಿಯುವುದಿಲ್ಲ. ಹೊಲಿಗೆ ಬಿಚ್ಚಿ ಒಂದೆರಡು ತಿಂಗಳಾದ ಮೇಲೆ ಕಲೆ ಹೆಚ್ಚು ಕೆಂಪಾಗಿ, ಗಟ್ಟಿಯಾಗಿ, ತುಸು ಉಬ್ಬಿದಂತೆ ಕಾಣುವುದು ಬಹಳ ಸಾಮಾನ್ಯ. ಹಲವರು ಗಾಬರಿಯಾಗುವುದೂ ಆಗಲೇ. ಮರುಜೋಡಣೆಯ ಈ ಹಂತ ಒಂದು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ನಡೆದು, ಕಲೆ ಮೆಲ್ಲಗೆ ಮೆತ್ತಗಾಗಿ, ಮಾಸಿ, ತೆಳುವಾಗುತ್ತದೆ. ಹಾಗೆಂದು ಒಂದು ವರ್ಷ ಕೈಕಟ್ಟಿ ಕೂರಬೇಕೆಂಬ ಹಳೆಯ ಸಲಹೆಯನ್ನೂ ಈಗ ಎಲ್ಲರಿಗೂ ಕೊಡುವುದಿಲ್ಲ. ಕೆಟ್ಟ ಕಲೆ ಆಗುವ ಲಕ್ಷಣ ಉಳ್ಳವರಲ್ಲಿ ಮೊದಲ ಕೆಲವು ತಿಂಗಳಲ್ಲೇ ಚಿಕಿತ್ಸೆ ಶುರು ಮಾಡಿದರೆ ಫಲ ಹೆಚ್ಚು ಎಂಬುದು ಇಂದಿನ ತಿಳಿವಳಿಕೆ.

ಕಲೆಯ ಜಾತಿಯನ್ನು ಗುರುತಿಸುವುದೇ ಚಿಕಿತ್ಸೆಯ ಅರ್ಧ ಭಾಗ. ಇದಕ್ಕೆ ದೊಡ್ಡ ಉಪಕರಣವೇನೂ ಬೇಡ. ಕನ್ನಡಿಯ ಮುಂದೆ ನಿಂತು ದೀಪವನ್ನು ಮುಖಕ್ಕೆ ನೇರವಾಗಿ ಹಿಡಿದರೆ ಮೊಡವೆಯ ಗುಳಿಗಳು ಅಷ್ಟಾಗಿ ಕಾಣುವುದಿಲ್ಲ. ಅದೇ ದೀಪವನ್ನು ಕಿವಿಯ ಪಕ್ಕಕ್ಕೆ ಸರಿಸಿ ಬೆಳಕನ್ನು ಓರೆಯಾಗಿ ಬಿಟ್ಟರೆ ಪ್ರತಿ ತಗ್ಗಿಗೂ ಒಂದೊಂದು ನೆರಳು ಬೀಳುತ್ತದೆ. ಆಗ ಎರಡು ಬೆರಳುಗಳಿಂದ ಕೆನ್ನೆಯ ಚರ್ಮವನ್ನು ಮೆಲ್ಲಗೆ ಎಳೆದು ಹಿಡಿಯಿರಿ. ಎಳೆದಾಗ ಸಮತಟ್ಟಾಗುವ ತಗ್ಗುಗಳು ಆಳವಿಲ್ಲದವು, ಅಥವಾ ಕೆಳಗಿನಿಂದ ನಾರುಗಳು ಜಗ್ಗಿ ಹಿಡಿದಿರುವಂಥವು. ಎಷ್ಟು ಎಳೆದರೂ ಚುಕ್ಕೆಯಂತೆ ಉಳಿಯುವವು ಸೂಜಿಯಿಂದ ಚುಚ್ಚಿದಂತೆ ಆಳಕ್ಕೆ ಇಳಿದ ರಂಧ್ರಗಳು. ಕೆಂಪು ಕಲೆಯ ಮೇಲೆ ಪಾರದರ್ಶಕ ಗಾಜಿನ ಬಿಲ್ಲೆಯನ್ನು ಒತ್ತಿದಾಗ ಕೆಂಪು ಮಾಯವಾದರೆ ಅದು ರಕ್ತನಾಳಗಳ ಬಣ್ಣ. ಕಂದು ಹಾಗೆಯೇ ಉಳಿದರೆ ಅದು ಮೆಲನಿನ್ ಎಂಬ ವರ್ಣದ್ರವ್ಯ. ಮೊಡವೆ ಹೋದ ಮೇಲೆ ಉಳಿಯುವ ಸಮತಟ್ಟಾದ ಕಂದು ಚುಕ್ಕೆಗಳು ನಿಜವಾದ ಕಲೆಗಳೇ ಅಲ್ಲ, ಬರಿಯ ಬಣ್ಣದ ಗುರುತುಗಳು. ಬಿಸಿಲಿನಿಂದ ಕಾಪಾಡಿಕೊಂಡರೆ ಅವು ಹೆಚ್ಚಿನವರಲ್ಲಿ ತಿಂಗಳುಗಳ ಅವಧಿಯಲ್ಲಿ ತಾವಾಗಿಯೇ ಮಾಸುತ್ತವೆ. ಇವುಗಳಿಗೆ ಆತುರಪಟ್ಟು ಬಿರುಸಾದ ಲೇಸರ್ ಮಾಡಿಸಿಕೊಂಡು ಇನ್ನಷ್ಟು ಕಪ್ಪಾಗಿಸಿಕೊಂಡವರನ್ನು ಕಂಡಾಗ ನಿಜಕ್ಕೂ ಸಂಕಟವಾಗುತ್ತದೆ.

ಚರ್ಮದ ಮಟ್ಟಕ್ಕಿಂತ ಮೇಲೆದ್ದ ಕಲೆಗಳಲ್ಲಿ ಎರಡು ಬಗೆ, ಮತ್ತು ಈ ಲೇಖನದ ಮುಖ್ಯ ಮಾತು ಇಲ್ಲಿಯೇ ಇದೆ. ಹೈಪರ್‌ಟ್ರೋಫಿಕ್ ಎಂದು ಕರೆಯುವ ಉಬ್ಬು ಕಲೆ ಗಾಯದ ಗಡಿಯೊಳಗೇ ಇರುತ್ತದೆ. ಗಾಯವಾದ ಕೆಲವು ವಾರಗಳಲ್ಲಿ ತಲೆಯೆತ್ತಿ, ಕೆಲವು ತಿಂಗಳು ಬೆಳೆದು, ಬಳಿಕ ತಾನಾಗಿ ಇಳಿಯುವ ಸಾಧ್ಯತೆಯೂ ಉಂಟು. ಸುಟ್ಟ ಗಾಯಗಳ ಮೇಲೆ, ಕೀಲುಗಳ ಬಳಿ, ಹೊಲಿಗೆಗೆ ಎಳೆತ ಹೆಚ್ಚಿರುವ ಕಡೆ ಇದು ಹೆಚ್ಚು. ಕೀಲಾಯ್ಡ್ ಹಾಗಲ್ಲ. ಅದು ಗಾಯದ ಗಡಿಯನ್ನು ದಾಟಿ ಪಕ್ಕದ ಆರೋಗ್ಯವಂತ ಚರ್ಮಕ್ಕೂ ಹಬ್ಬುತ್ತದೆ. ಗಾಯ ಮಾಯ್ದು ತಿಂಗಳುಗಳೋ ವರ್ಷಗಳೋ ಕಳೆದ ಮೇಲೂ ಕಾಣಿಸಿಕೊಳ್ಳಬಹುದು. ತಾನಾಗಿ ಕರಗುವುದು ಬಹಳ ಅಪರೂಪ. 19ನೆಯ ಶತಮಾನದ ಆರಂಭದಲ್ಲಿ ಇದನ್ನು ವಿವರಿಸಿದ ಫ್ರೆಂಚ್ ವೈದ್ಯ ಜಾನ್ ಲೂಯಿ ಅಲಿಬೇರ್ ಏಡಿಯ ಕೊಂಡಿ ಎಂಬ ಅರ್ಥದ ಗ್ರೀಕ್ ಪದದಿಂದ ಈ ಹೆಸರನ್ನು ಕಟ್ಟಿದರು. ಎದೆಯ ಮೇಲಿನ ಕೀಲಾಯ್ಡ್ ಅಕ್ಕಪಕ್ಕಕ್ಕೆ ಚಾಚಿಕೊಂಡಿರುವ ರೀತಿಯನ್ನು ನೋಡಿದವರಿಗೆ ಆ ಹೆಸರು ಎಷ್ಟು ಒಪ್ಪುತ್ತದೆ ಎಂಬುದು ತಿಳಿಯುತ್ತದೆ.

ಕಿವಿಯ ಹಾಲೆ, ಎದೆಯ ನಡುಭಾಗ, ಭುಜ, ಬೆನ್ನಿನ ಮೇಲ್ಭಾಗ, ದವಡೆಯ ಅಂಚು ಇವು ಕೀಲಾಯ್ಡ್‌ಗೆ ಮೆಚ್ಚಿನ ಜಾಗಗಳು. ಅಂಗೈ, ಅಂಗಾಲು, ಕಣ್ಣಿನ ರೆಪ್ಪೆ ಇವುಗಳ ಮೇಲೆ ಅದು ಕಾಣುವುದೇ ಅಪರೂಪ. 10ರಿಂದ 30ರ ಒಳಗಿನ ವಯಸ್ಸಿನವರಲ್ಲಿ ಹೆಚ್ಚು. ಹರೆಯ ಬಂದಾಗ ಮತ್ತು ಬಸಿರಿನಲ್ಲಿ ಉಲ್ಬಣಿಸುವುದುಂಟು. ಮನೆತನದಲ್ಲಿ ಹಿರಿಯರಿಗೆ ಇದ್ದರೆ ಮಕ್ಕಳಿಗೂ ಬರುವ ಸಾಧ್ಯತೆ ಹೆಚ್ಚು. ಕಪ್ಪು ಮತ್ತು ಕಂದು ಮೈಬಣ್ಣದವರಲ್ಲಿ ಬಿಳಿಯರಿಗಿಂತ ಹಲವು ಪಟ್ಟು ಹೆಚ್ಚು. ದೊಡ್ಡ ಗಾಯವೇ ಆಗಬೇಕೆಂದಿಲ್ಲ. ಕಿವಿ ಚುಚ್ಚಿದ ತೂತು, ಲಸಿಕೆಯ ಗುರುತು, ಎದೆಯ ಮೇಲಿನ ಒಂದು ಮೊಡವೆ, ಕೆಲವೊಮ್ಮೆ ನೆನಪಿಗೂ ಬಾರದ ಒಂದು ಗೀರು ಸಾಕು. ಈ ಕಲೆಯ ಒಳಗೆ ಫೈಬ್ರೊಬ್ಲಾಸ್ಟ್‌ಗಳು ನಿಲ್ಲಿಸು ಎಂಬ ಸಂದೇಶಕ್ಕೆ ಸರಿಯಾಗಿ ಓಗೊಡದೆ ಕೊಲಾಜೆನ್ ಸುರಿಯುತ್ತಲೇ ಇರುತ್ತವೆ. ಅವನ್ನು ಪ್ರಚೋದಿಸುವ ಉರಿಯೂತ ಒಳಚರ್ಮದಲ್ಲಿ ವರ್ಷಗಟ್ಟಲೆ ಆರದೆ ಉಳಿಯುತ್ತದೆ. ಕೀಲಾಯ್ಡ್ ತುರಿಸುವುದೂ ಚುಚ್ಚಿದಂತೆ ನೋಯುವುದೂ ಈ ಆರದ ಉರಿಯೂತದ ಕಾರಣದಿಂದ. ಅದು ಕ್ಯಾನ್ಸರ್ ಅಲ್ಲ, ಅಂಟುರೋಗವಲ್ಲ, ಶುಚಿಯಿಲ್ಲದಿರುವುದರಿಂದ ಬಂದದ್ದಲ್ಲ. ಈ ಮಾತನ್ನು ರೋಗಿಗೂ ಅವರ ಮನೆಯವರಿಗೂ ಬಿಡಿಸಿ ಹೇಳುವುದು ಔಷಧದಷ್ಟೇ ಮುಖ್ಯ.

ಇಷ್ಟು ತಿಳಿದ ಮೇಲೆ ಲೇಸರಿನ ವಿಚಾರಕ್ಕೆ ಬರಬಹುದು. ಲೇಸರ್ ಎಂದರೆ ಒಂದೇ ತರಂಗಾಂತರದ, ಒಂದೇ ದಿಕ್ಕಿಗೆ ಹರಿಯುವ ಬೆಳಕು. 1960ರಲ್ಲಿ ಥಿಯೊಡರ್ ಮೈಮನ್ ಮೊದಲ ಲೇಸರನ್ನು ಬೆಳಗಿಸಿದರು; 1964ರಲ್ಲಿ ಭಾರತ ಮೂಲದ ವಿಜ್ಞಾನಿ ಕುಮಾರ್ ಪಟೇಲ್ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕಾರ್ಬನ್ ಡೈಆಕ್ಸೈಡ್ ಲೇಸರನ್ನು ರೂಪಿಸಿದರು, ಮತ್ತು ಅದರ ವಂಶದ ಯಂತ್ರಗಳೇ ಇಂದಿಗೂ ಕಲೆಗಳ ಚಿಕಿತ್ಸೆಯಲ್ಲಿ ಮುಂಚೂಣಿಯಲ್ಲಿವೆ. ಚರ್ಮದ ಮಟ್ಟಿಗೆ ನಿಜವಾದ ತಿರುವು ಬಂದದ್ದು 1983ರಲ್ಲಿ. ಅಮೆರಿಕದ ಸಂಶೋಧಕರಾದ ರಾಕ್ಸ್ ಆಂಡರ್ಸನ್ ಮತ್ತು ಜಾನ್ ಪ್ಯಾರಿಶ್ ಒಂದು ಸರಳವಾದ, ಆದರೆ ಆಳವಾದ ಸೂತ್ರವನ್ನು ಮುಂದಿಟ್ಟರು. ಚರ್ಮದೊಳಗಿನ ಪ್ರತಿ ಬಣ್ಣದ ವಸ್ತುವೂ ತನಗೆ ಒಗ್ಗಿದ ತರಂಗಾಂತರದ ಬೆಳಕನ್ನು ಹೀರಿಕೊಳ್ಳುತ್ತದೆ; ಆ ಬೆಳಕನ್ನು ಸುತ್ತಲಿನ ಭಾಗಕ್ಕೆ ಶಾಖ ಹರಡುವುದಕ್ಕಿಂತ ಮೊದಲೇ ನಿಲ್ಲಿಸಿಬಿಟ್ಟರೆ, ಗುರಿಯ ವಸ್ತು ಮಾತ್ರ ಬೆಂದು ಅಕ್ಕಪಕ್ಕದ ಚರ್ಮ ಉಳಿಯುತ್ತದೆ. ಲೇಸರಿನ ಗುರಿ ಮುಖ್ಯವಾಗಿ ಮೂರು: ರಕ್ತದ ಹಿಮೋಗ್ಲೋಬಿನ್, ವರ್ಣದ್ರವ್ಯ ಮೆಲನಿನ್, ಮತ್ತು ಜೀವಕೋಶಗಳೊಳಗಿನ ನೀರು. ಯಾವ ಯಂತ್ರ ಯಾವ ಕಲೆಗೆ ಎಂಬುದು ನಿಂತಿರುವುದು ಇದರ ಮೇಲೆಯೇ.

ಹೊಸದಾಗಿ ಕೆಂಪೇರಿದ, ತುರಿಸುವ, ತುಸು ಉಬ್ಬಿದ ಕಲೆಗೆ ಪಲ್ಸ್ಡ್ ಡೈ ಲೇಸರ್ ಹೊಂದುತ್ತದೆ. 585 ಅಥವಾ 595 ನ್ಯಾನೋಮೀಟರಿನ ಅದರ ಹಳದಿ ಬೆಳಕನ್ನು ರಕ್ತನಾಳಗಳಲ್ಲಿನ ಹಿಮೋಗ್ಲೋಬಿನ್ ಹೀರಿಕೊಂಡು ಬಿಸಿಯಾಗುತ್ತದೆ. ಕಲೆಗೆ ರಕ್ತ ಒದಗಿಸುವ ಕಿರುನಾಳಗಳು ಮುಚ್ಚಿಹೋಗುತ್ತವೆ. ಅದರಿಂದ ಕೆಂಪು ಇಳಿಯುವುದಲ್ಲದೆ ಕೊಲಾಜೆನ್ ಹುಟ್ಟುವ ಭರವೂ ತಗ್ಗುತ್ತದೆ. ಹೃದಯದ ಶಸ್ತ್ರಚಿಕಿತ್ಸೆಯಿಂದ ಎದೆಯ ಮೇಲೆ ಉಳಿದ ಕಲೆಗಳ ಒಂದು ಅರ್ಧಕ್ಕೆ ಈ ಲೇಸರ್ ಹಾಯಿಸಿ, ಇನ್ನೊಂದು ಅರ್ಧವನ್ನು ಹಾಗೆಯೇ ಬಿಟ್ಟು ಹೋಲಿಸಿ ನೋಡಿದ ಪ್ರಯೋಗ 1995ರಲ್ಲಿ ಪ್ರಕಟವಾದ ಮೇಲೆ ಈ ವಿಧಾನಕ್ಕೆ ಗಟ್ಟಿ ನೆಲೆ ಸಿಕ್ಕಿತು. ಪ್ರತಿ ಮಿಡಿತವೂ ರಬ್ಬರ್ ಬ್ಯಾಂಡಿನಿಂದ ಛಟ್ಟನೆ ಹೊಡೆದಂತೆ ಅನಿಸುತ್ತದೆ. ಆ ಜಾಗ ಒಂದು ವಾರ, ಹತ್ತು ದಿನ ನೇರಳೆ ಬಣ್ಣಕ್ಕೆ ತಿರುಗಬಹುದು. 4ರಿಂದ 8 ವಾರಗಳ ಅಂತರದಲ್ಲಿ ಹಲವು ಸಲ ಮಾಡಬೇಕಾಗುತ್ತದೆ. ಹಳೆಯ, ಬಿಳಿಚಿಕೊಂಡ, ದಪ್ಪನೆಯ ಕಲೆಗೆ ಇದರಿಂದ ದೊರೆಯುವುದು ಅತ್ಯಲ್ಪ, ಏಕೆಂದರೆ ಅಲ್ಲಿ ಬೆಳಕನ್ನು ಹಿಡಿದುಕೊಳ್ಳಲು ಬೇಕಾದಷ್ಟು ರಕ್ತವೇ ಇರುವುದಿಲ್ಲ.

ದಪ್ಪ ಕಲೆಗೂ ತಗ್ಗು ಕಲೆಗೂ ಬಳಸುವುದು ನೀರನ್ನು ಗುರಿಯಾಗಿಸಿಕೊಂಡ ಲೇಸರ್‌ಗಳು: 10,600 ನ್ಯಾನೋಮೀಟರಿನ ಕಾರ್ಬನ್ ಡೈಆಕ್ಸೈಡ್ ಲೇಸರ್ ಮತ್ತು 2,940 ನ್ಯಾನೋಮೀಟರಿನ ಅರ್ಬಿಯಂ ಯಾಗ್ ಲೇಸರ್. ಮೊದಲೆಲ್ಲ ಇವು ಚರ್ಮದ ಮೇಲ್ಪದರವನ್ನು ಪೂರ್ತಿಯಾಗಿ ಸುಲಿದು ತೆಗೆಯುತ್ತಿದ್ದವು. ಫಲ ಚೆನ್ನಾಗಿದ್ದರೂ ವಾರಗಟ್ಟಲೆ ಹಸಿ ಗಾಯ, ತಿಂಗಳುಗಟ್ಟಲೆ ಕೆಂಪು, ಸೋಂಕಿನ ಭಯ ಇವೆಲ್ಲ ಜೊತೆಗಿದ್ದವು. 2004ರಲ್ಲಿ ಡೀಟರ್ ಮ್ಯಾನ್‌ಸ್ಟೈನ್ ಮತ್ತು ಸಂಗಡಿಗರು ಫ್ರ್ಯಾಕ್ಷನಲ್ ಎಂಬ ಹೊಸ ಕ್ರಮವನ್ನು ವಿವರಿಸಿದರು. ಇದರಲ್ಲಿ ಚರ್ಮವನ್ನು ಇಡಿಯಾಗಿ ಸುಲಿಯುವ ಬದಲು, ಕೂದಲೆಳೆಯಷ್ಟು ಸಣ್ಣ ಸಾವಿರಾರು ಕಂಬಗಳ ಹಾಗೆ ಬೆಳಕನ್ನು ಇಳಿಸಲಾಗುತ್ತದೆ. ಒಂದು ಸಲಕ್ಕೆ ಗಾಯವಾಗುವುದು ಮೇಲ್ಮೈಯ ಸಣ್ಣ ಪಾಲು ಮಾತ್ರ. ನಡುನಡುವೆ ಉಳಿದ ಆರೋಗ್ಯವಂತ ಚರ್ಮ ಆ ರಂಧ್ರಗಳನ್ನು ಬೇಗ ಮುಚ್ಚುತ್ತದೆ, ಮತ್ತು ಹಳೆಯ ಒತ್ತಾದ ನಾರು ಕರಗಿ ಹೊಸದು ತುಸು ಕ್ರಮವಾಗಿ ಕೂರುತ್ತದೆ. ದಪ್ಪ ಕಲೆಗಳಲ್ಲಿ ಕೆಲವು ಯಂತ್ರಗಳು 3–4 ಮಿಲಿಮೀಟರ್ ಆಳದವರೆಗೂ ಇಳಿಯಬಲ್ಲವು. ಸುಟ್ಟ ಗಾಯದಿಂದ ಬಿಗಿದು ಹೋದ ಕತ್ತು, ಮೊಣಕೈ, ಬೆರಳುಗಳ ಚರ್ಮ ಈ ಚಿಕಿತ್ಸೆಯಿಂದ ಸಡಿಲಗೊಂಡು ಕೈಕಾಲಿನ ಚಲನೆ ಸುಧಾರಿಸುವುದು ಈ ಕ್ಷೇತ್ರದ ಅತ್ಯಂತ ಸಂತೋಷದ ಸಂಗತಿಗಳಲ್ಲಿ ಒಂದು. ಅಂದಕ್ಕಿಂತ ಹೆಚ್ಚಿನದು ಅದು, ತುತ್ತು ಎತ್ತುವ ಮತ್ತು ಗುಂಡಿ ಹಾಕಿಕೊಳ್ಳುವ ಶಕ್ತಿ ಮರಳುವ ಮಾತು.

ಮೇಲ್ಪದರವನ್ನು ತೂತು ಮಾಡದೆ ಒಳಗೆ ಮಾತ್ರ ಬಿಸಿಮಾಡುವ 1,550 ನ್ಯಾನೋಮೀಟರಿನ ಲೇಸರ್‌ಗಳೂ ಇವೆ. ಅವುಗಳ ಪರಿಣಾಮ ನಿಧಾನ, ಅಪಾಯವೂ ಕಡಿಮೆ. ಚಿಕಿತ್ಸೆಗೆ ಮುಂಚೆ ಮರಗಟ್ಟಿಸುವ ಮುಲಾಮನ್ನು ಸುಮಾರು ಒಂದು ಗಂಟೆ ಹಚ್ಚಿಡುತ್ತಾರೆ, ಕಣ್ಣಿಗೆ ರಕ್ಷಾಕವಚ ಹಾಕುತ್ತಾರೆ. ಫ್ರ್ಯಾಕ್ಷನಲ್ ಲೇಸರ್ ಆದ ಮೇಲೆ ಒಂದೆರಡು ದಿನ ಊತ, ಬಿಸಿಲಿಗೆ ಸುಟ್ಟಂಥ ಉರಿ, ಆಮೇಲೆ ಒಂದು ವಾರ ಸಣ್ಣ ಕಂದು ಹಕ್ಕಳೆಗಳು ಇರುತ್ತವೆ. ಅವನ್ನು ಉಗುರಿನಿಂದ ಕಿತ್ತವರಿಗೆ ಹೊಸ ಕಲೆಯಾಗುವ ಅಪಾಯವಿದೆ. ಬಾಯಿಯ ಸುತ್ತ ಹರ್ಪಿಸ್ ಗುಳ್ಳೆಗಳು ಆಗಾಗ ಏಳುವವರು ಅದನ್ನು ಮುಂಚಿತವಾಗಿಯೇ ಹೇಳಬೇಕು; ಅವರಿಗೆ ವೈರಸ್ ತಡೆಯುವ ಮಾತ್ರೆ ಕೊಟ್ಟು ಲೇಸರ್ ಮಾಡುವುದು ವಾಡಿಕೆ.

ಮೈಬಣ್ಣದ ವಿಚಾರವನ್ನು ಇಲ್ಲಿ ನಿಂತು ಹೇಳಲೇಬೇಕು. ಕಂದು ಮತ್ತು ಕಪ್ಪು ಚರ್ಮದ ಮೇಲ್ಪದರದಲ್ಲಿ ಮೆಲನಿನ್ ಹೇರಳವಾಗಿದೆ. ರಕ್ತನಾಳಕ್ಕೆಂದು ಬಿಟ್ಟ ಬೆಳಕಿನ ಒಂದು ಪಾಲನ್ನು ಮೆಲನಿನ್ ದಾರಿಯಲ್ಲಿಯೇ ತಡೆದು ಹೀರಿಕೊಳ್ಳುವುದರಿಂದ ಮೇಲ್ಚರ್ಮ ಸುಡುವ ಅಪಾಯವಿದೆ. ನೀರನ್ನು ಗುರಿಯಾಗಿಸಿದ ಲೇಸರಿನಲ್ಲೂ ಚಿಕಿತ್ಸೆಯ ಉರಿಯೂತದಿಂದಲೇ ಆ ಭಾಗ ತಿಂಗಳುಗಟ್ಟಲೆ ಕಪ್ಪಾಗಬಹುದು. ಆದ್ದರಿಂದ ಇಂಥ ಚರ್ಮಕ್ಕೆ ಕಡಿಮೆ ಶಕ್ತಿ, ವಿರಳವಾದ ರಂಧ್ರಗಳು, ಮೇಲ್ಮೈಯನ್ನು ತಂಪಾಗಿಸುವ ವ್ಯವಸ್ಥೆ, ಒಂದು ಸಲಕ್ಕೂ ಇನ್ನೊಂದಕ್ಕೂ ಹೆಚ್ಚು ಅಂತರ ಇವು ಬೇಕು. 1,064 ನ್ಯಾನೋಮೀಟರಿನ ಎನ್‌ಡಿ ಯಾಗ್ ಲೇಸರನ್ನು ಮೆಲನಿನ್ ಅಷ್ಟಾಗಿ ಹೀರಿಕೊಳ್ಳದ ಕಾರಣ ಅದು ಹೆಚ್ಚು ಸುರಕ್ಷಿತ. ಕಿವಿಯ ಹಿಂದೆಯೋ ಕಲೆಯ ಒಂದು ಮೂಲೆಯಲ್ಲೋ ಸಣ್ಣ ಜಾಗದಲ್ಲಿ ಮೊದಲು ಪರೀಕ್ಷಿಸಿ, ಕೆಲವು ವಾರ ಕಾದು ನೋಡಿ, ಆಮೇಲೆ ಮುಂದುವರಿಯುವ ವೈದ್ಯರನ್ನು ನಾನು ಹೆಚ್ಚು ನಂಬುತ್ತೇನೆ. ಒಂದೇ ಸಲಕ್ಕೆ ಎಲ್ಲವನ್ನೂ ಸರಿಪಡಿಸುತ್ತೇವೆ ಎಂಬ ಭರವಸೆ ಕೇಳಿಬಂದರೆ ಅಲ್ಲಿಂದ ಎದ್ದು ಬರುವುದೇ ಲೇಸು.

ಕೀಲಾಯ್ಡ್‌ಗೆ ಲೇಸರ್ ಎಷ್ಟರ ಮಟ್ಟಿಗೆ? ಅದು ಅಲ್ಲಿ ಜೊತೆಗಾರ, ಮುಂದಾಳಲ್ಲ. ಕೀಲಾಯ್ಡನ್ನು ಲೇಸರಿನಿಂದ ಕೊಯ್ದು ತೆಗೆದರೂ, ಕತ್ತಿಯಿಂದ ಕೊಯ್ದು ತೆಗೆದರೂ ದೇಹಕ್ಕೆ ಅದು ಹೊಸ ಗಾಯವೇ. ಬೇರೆ ಯಾವ ಚಿಕಿತ್ಸೆಯೂ ಇಲ್ಲದೆ ಬರಿದೆ ಕತ್ತರಿಸಿ ಹೊಲಿದ ಕೀಲಾಯ್ಡ್‌ಗಳಲ್ಲಿ 45ರಿಂದ 100 ಶೇಕಡದಷ್ಟು ಮರಳಿ ಬರುತ್ತವೆ ಎಂದು ವೈದ್ಯಕೀಯ ವರದಿಗಳು ಹೇಳುತ್ತವೆ, ಮತ್ತು ಮರಳಿ ಬಂದದ್ದು ಮೊದಲಿನದಕ್ಕಿಂತ ದೊಡ್ಡದಾಗಿರುವುದು ಸಾಮಾನ್ಯ. ಕಡಲೆ ಕಾಳಿನಷ್ಟಿದ್ದದ್ದನ್ನು ಕೊಯ್ಸಿ, ನೆಲ್ಲಿಕಾಯಿಯಷ್ಟು ಮಾಡಿಕೊಂಡು ಬಂದವರ ಕಥೆ ಇದೇ. ಕೆಂಪನ್ನೂ ತುರಿಕೆಯನ್ನೂ ಇಳಿಸಲು ಡೈ ಲೇಸರ್ ಅಥವಾ ಎನ್‌ಡಿ ಯಾಗ್ ಲೇಸರ್ ನೆರವಾಗುತ್ತದೆ. ಫ್ರ್ಯಾಕ್ಷನಲ್ ಲೇಸರ್ ಕೊರೆದ ರಂಧ್ರಗಳ ಮೂಲಕ ಸ್ಟೀರಾಯ್ಡ್ ಔಷಧವನ್ನು ಮೇಲಿನಿಂದ ಹನಿಸಿ ಒಳಕ್ಕೆ ಇಳಿಸುವ ಕ್ರಮವೂ ಬಳಕೆಗೆ ಬಂದಿದೆ. ಆದರೆ ಭಾರ ಹೊರುವುದು ಬೇರೆಯ ಚಿಕಿತ್ಸೆ.

ಆ ಚಿಕಿತ್ಸೆ ಎಂದರೆ ಗಂಟಿನೊಳಗೇ ಕೊಡುವ ಸ್ಟೀರಾಯ್ಡ್ ಚುಚ್ಚುಮದ್ದು. ಟ್ರಯಾಮ್ಸಿನೊಲೋನ್ ಎಂಬ ಔಷಧವನ್ನು ಮಿಲಿಲೀಟರಿಗೆ 10ರಿಂದ 40 ಮಿಲಿಗ್ರಾಂ ಸಾಂದ್ರತೆಯಲ್ಲಿ, 4ರಿಂದ 6 ವಾರಗಳಿಗೊಮ್ಮೆ ಕೊಡುತ್ತಾರೆ. ಮೊದಲ ಚುಚ್ಚುಮದ್ದು ಎಲ್ಲಕ್ಕಿಂತ ಕಷ್ಟದ್ದು. ಗಂಟು ರಬ್ಬರಿನಂತೆ ಗಟ್ಟಿಯಾಗಿರುವುದರಿಂದ ಸೂಜಿ ಒಳಗೆ ಹೋದರೂ ಔಷಧ ಹೋಗಲೊಲ್ಲದು. ವೈದ್ಯರ ಹೆಬ್ಬೆರಳು ಸಿರಿಂಜಿನ ದಟ್ಟೆಯನ್ನು ಒತ್ತಿ ಒತ್ತಿ ಬಿಳಿಚಿಕೊಳ್ಳುತ್ತದೆ, ಅದರ ಜೊತೆಗೆ ಗಂಟಿನ ಮೇಲ್ಮೈಯೂ ನಿಧಾನವಾಗಿ ಬಿಳಿಚಿಕೊಳ್ಳುತ್ತದೆ. ಆ ಬಿಳುಪು ಹರಡುವುದನ್ನು ನೋಡಿಯೇ ಔಷಧ ಸರಿಯಾದ ಜಾಗಕ್ಕೆ ಇಳಿದಿದೆ ಎಂದು ತಿಳಿಯುವುದು. ಎರಡನೆಯ, ಮೂರನೆಯ ಸಲಕ್ಕೆ ಗಂಟು ಮೆತ್ತಗಾಗಿ ಔಷಧ ಸಲೀಸಾಗಿ ಹೋಗತೊಡಗುತ್ತದೆ, ನೋವೂ ಇಳಿಯುತ್ತದೆ. ತುರಿಕೆ ಮೊದಲು ನಿಲ್ಲುತ್ತದೆ, ಎತ್ತರ ಆಮೇಲೆ ತಗ್ಗುತ್ತದೆ, ಬಣ್ಣ ಎಲ್ಲಕ್ಕಿಂತ ಕೊನೆಗೆ. ಔಷಧ ಗಂಟಿನಿಂದ ಆಚೆ ಸೋರಿದರೆ ಅಲ್ಲಿನ ಚರ್ಮ ತೆಳುವಾಗಿ ಗುಳಿಬೀಳಬಹುದು, ಬಿಳಿಯ ಮಚ್ಚೆ ಮೂಡಬಹುದು, ಸಣ್ಣ ಕೆಂಪು ನಾಳಗಳು ಕಾಣಬಹುದು. ಸ್ಟೀರಾಯ್ಡ್ ಒಂದರಿಂದಲೇ ಮಣಿಯದ ಗಂಟಿಗೆ ಫೈವ್ ಫ್ಲೋರೋಯುರಾಸಿಲ್ ಎಂಬ, ಜೀವಕೋಶಗಳ ವೃದ್ಧಿಯನ್ನು ತಡೆಯುವ ಔಷಧವನ್ನು ಬೆರೆಸಿ ಕೊಡುತ್ತಾರೆ; ಎರಡೂ ಸೇರಿದಾಗ ಫಲ ಹೆಚ್ಚು, ಸ್ಟೀರಾಯ್ಡಿನ ಪ್ರಮಾಣವೂ ಕಡಿಮೆ ಸಾಕಾಗುತ್ತದೆ. ಬಸುರಿಯರಿಗೂ ಮೊಲೆಯೂಡಿಸುವ ತಾಯಂದಿರಿಗೂ ಇದನ್ನು ಕೊಡುವುದಿಲ್ಲ.

ಸಣ್ಣ ಗಂಟುಗಳಿಗೆ ಮೈನಸ್ 196 ಡಿಗ್ರಿ ಸೆಲ್ಸಿಯಸ್ಸಿನ ದ್ರವ ಸಾರಜನಕದಿಂದ ಹೆಪ್ಪುಗಟ್ಟಿಸುವ ಕ್ರಯೋಥೆರಪಿ ಉಂಟು. ಚುಚ್ಚುಮದ್ದಿಗೆ ಮೊದಲು ಒಮ್ಮೆ ಹೀಗೆ ಹೆಪ್ಪುಗಟ್ಟಿಸಿ ಬಿಟ್ಟರೆ ಗಂಟು ಊದಿಕೊಂಡು ಮೆತ್ತಗಾಗಿ ಔಷಧ ಒಳಹೋಗುವುದು ಸುಲಭವಾಗುತ್ತದೆ. ಶೀತದಿಂದ ವರ್ಣಕೋಶಗಳು ಸಾಯುವುದರಿಂದ ಕಪ್ಪು ಚರ್ಮದಲ್ಲಿ ಬಿಳಿಯ ಕಲೆ ಉಳಿಯುವ ಅಪಾಯ ಮಾತ್ರ ನೆನಪಿರಲಿ.

ಗಂಟು ದೊಡ್ಡದಾಗಿ, ತೊಟ್ಟಿನಂತೆ ಜೋತುಬಿದ್ದಾಗ, ಮುಖ್ಯವಾಗಿ ಕಿವಿಯ ಹಾಲೆಯಲ್ಲಿ, ಶಸ್ತ್ರಚಿಕಿತ್ಸೆಗೆ ನ್ಯಾಯವಾದ ಸ್ಥಾನವಿದೆ. ಆದರೆ ಕತ್ತರಿಸುವ ದಿನವೇ ಮುಂದಿನ ಯೋಜನೆಯೂ ಸಿದ್ಧವಿರಬೇಕು. ಹೊಲಿಗೆಯ ಸಾಲಿಗೆ ಸ್ಟೀರಾಯ್ಡ್ ಚುಚ್ಚುವುದು, ಕಿವಿಗೆ ಎರಡೂ ಕಡೆಯಿಂದ ಒತ್ತಿ ಹಿಡಿಯುವ ಕ್ಲಿಪ್ಪಿನಂಥ ಓಲೆಯನ್ನು ತಿಂಗಳುಗಟ್ಟಲೆ ತೊಡಿಸುವುದು, ಹಟಮಾರಿ ಕೀಲಾಯ್ಡ್ ಆದರೆ ವಿಕಿರಣ ಚಿಕಿತ್ಸೆ ಕೊಡುವುದು. ವಿಕಿರಣವನ್ನು ಸಾಮಾನ್ಯವಾಗಿ ಕತ್ತರಿಸಿದ 24ರಿಂದ 48 ಗಂಟೆಯೊಳಗೆ ಆರಂಭಿಸುತ್ತಾರೆ, ಏಕೆಂದರೆ ಹೊಸ ಫೈಬ್ರೊಬ್ಲಾಸ್ಟ್‌ಗಳು ದಂಡುಕಟ್ಟುವ ಮುನ್ನ ಅವನ್ನು ತಡೆಯಬೇಕು. ಮರಳಿ ಬರುವುದನ್ನು ತಡೆಯುವಲ್ಲಿ ಇದು ಬಲವಾದ ಅಸ್ತ್ರ. ಮುಂದೆಂದೋ ಕ್ಯಾನ್ಸರ್ ಬರುವ ಸಾಧ್ಯತೆ ಬಹಳ ಕಡಿಮೆಯಾದರೂ ಪೂರ್ತಿ ಇಲ್ಲವೆನ್ನಲಾಗದ ಕಾರಣ ಮಕ್ಕಳಿಗೆ, ಬಸುರಿಯರಿಗೆ, ಥೈರಾಯ್ಡ್ ಮತ್ತು ಸ್ತನದ ಸಮೀಪದ ಭಾಗಗಳಿಗೆ ಇದನ್ನು ಆದಷ್ಟು ತಪ್ಪಿಸುತ್ತಾರೆ. ಉಬ್ಬು ಕಲೆಯ ವಿಚಾರದಲ್ಲಿ ಶಸ್ತ್ರಚಿಕಿತ್ಸೆಯ ಲೆಕ್ಕಾಚಾರವೇ ಬೇರೆ: ಅಲ್ಲಿ ಕಲೆಯ ದಿಕ್ಕನ್ನು ಝಡ್ ಆಕಾರದಲ್ಲಿ ತಿರುಗಿಸಿ ಹೊಲಿದು ಎಳೆತವನ್ನು ಕಡಿಮೆ ಮಾಡಿದರೆ ಸಾಕು, ಕಲೆ ತಾನಾಗಿ ಶಾಂತವಾಗುತ್ತದೆ.

ಸಿಲಿಕೋನ್ ಹಾಳೆ ಮತ್ತು ಜೆಲ್‌ಗಳ ಬಗ್ಗೆ ಹಲವರಿಗೆ ಅನುಮಾನ. ನೋವಿಲ್ಲದ್ದು, ಮನೆಯಲ್ಲೇ ಮಾಡಬಹುದಾದದ್ದು, ಅದರಿಂದೇನಾದೀತು ಎಂದು. ಆದರೆ 1980ರ ದಶಕದಿಂದ ಬಳಕೆಯಲ್ಲಿರುವ ಇದು, ಹೊಸ ಕಲೆ ಕೆಡದಂತೆ ನೋಡಿಕೊಳ್ಳಲು ವೈದ್ಯರು ಮೊದಲು ಸೂಚಿಸುವ ಕ್ರಮ. ಕಲೆಯ ಮೇಲ್ಪದರದಿಂದ ತೇವ ಆರಿಹೋಗದಂತೆ ಅದು ಹಿಡಿದಿಡುತ್ತದೆ. ತೇವ ಸಾಕಷ್ಟಿದ್ದಾಗ ಮೇಲ್ಪದರ ಕೆಳಗಿನ ಫೈಬ್ರೊಬ್ಲಾಸ್ಟ್‌ಗಳನ್ನು ಕೆರಳಿಸುವ ಸಂಕೇತ ಕಳಿಸುವುದು ಕಡಿಮೆಯಾಗುತ್ತದೆ. ಷರತ್ತು ಒಂದೇ: ಗಾಯ ಪೂರ್ತಿ ಮುಚ್ಚಿದ ಮೇಲೆ, ದಿನಕ್ಕೆ 12 ಗಂಟೆಗಿಂತ ಹೆಚ್ಚು, ಕನಿಷ್ಠ ಎರಡು ಮೂರು ತಿಂಗಳು. ಎರಡು ವಾರ ಹಚ್ಚಿ ಬಿಟ್ಟವರಿಗೆ ಏನೂ ಸಿಗುವುದಿಲ್ಲ. ಸುಟ್ಟ ಗಾಯದವರು ತೊಡುವ ಬಿಗಿ ಉಡುಪುಗಳೂ ಹಾಗೆಯೇ, ದಿನದ ಬಹುಪಾಲು ಮೈಮೇಲಿದ್ದರೆ ಮಾತ್ರ ಪ್ರಯೋಜನ. ವಿಟಮಿನ್ ಇ ಎಣ್ಣೆಯನ್ನು ಕಲೆಗೆ ತಿಕ್ಕುವ ಅಭ್ಯಾಸ ವ್ಯಾಪಕವಾಗಿದೆ. ಪರೀಕ್ಷಿಸಿ ನೋಡಿದಾಗ ಅದರಿಂದ ಲಾಭ ಕಾಣಲಿಲ್ಲ, ಗಣನೀಯ ಸಂಖ್ಯೆಯವರಲ್ಲಿ ಚರ್ಮದ ಅಲರ್ಜಿಯೇ ಎದ್ದಿತು.

ಮೊಡವೆಯ ಗುಳಿಗಳಿಗೆ ಲೇಸರನ್ನೇ ನೆಚ್ಚಿಕೊಂಡವರು ಒಂದು ಮಾತು ತಿಳಿಯಬೇಕು. ಕೆಳಗಿನಿಂದ ನಾರು ಜಗ್ಗಿ ಹಿಡಿದ ತಗ್ಗನ್ನು ಮೇಲಿನಿಂದ ಎಷ್ಟು ಲೇಸರ್ ಹಾಯಿಸಿದರೂ ಅದು ಏಳುವುದಿಲ್ಲ. ಮೊದಲು ಚರ್ಮದ ಅಡಿಗೆ ಸೂಜಿ ತೂರಿಸಿ ಆ ನಾರನ್ನು ಕತ್ತರಿಸಬೇಕು. ಸಬ್ಸಿಷನ್ ಎಂಬ ಈ ಕೆಲಸದಲ್ಲಿ ನಾರು ತುಂಡಾಗುವಾಗ ಕರಕರ ಎಂಬ ಸದ್ದು ರೋಗಿಗೂ ಕೇಳಿಸುವುದುಂಟು. ಸೂಜಿಮೊನೆಯಂಥ ಆಳದ ರಂಧ್ರಗಳಿಗೆ ಟ್ರೈಕ್ಲೋರೋ ಅಸಿಟಿಕ್ ಆಮ್ಲದ ಗಾಢ ದ್ರಾವಣವನ್ನು ಕಡ್ಡಿಯ ತುದಿಯಿಂದ ಒಂದೊಂದೇ ರಂಧ್ರಕ್ಕೆ ಮುಟ್ಟಿಸುವುದು ಅಥವಾ ಆ ರಂಧ್ರವನ್ನೇ ಕೊರೆದು ತೆಗೆದು ಹೊಲಿಯುವುದು ಉತ್ತಮ. ಈ ಕೆಲಸಗಳೆಲ್ಲ ಮುಗಿದ ಮೇಲೆ ಒಟ್ಟು ಮೇಲ್ಮೈಯನ್ನು ನಯಗೊಳಿಸಲು ಫ್ರ್ಯಾಕ್ಷನಲ್ ಲೇಸರ್ ಅಥವಾ ಸೂಜಿಗಳ ಉರುಳೆಯಂಥ ಮೈಕ್ರೊನೀಡ್ಲಿಂಗ್ ಬರಬೇಕು. ಹೊಸ ಮೊಡವೆಗಳು ಏಳುತ್ತಲೇ ಇರುವಾಗ ಕಲೆಯ ಚಿಕಿತ್ಸೆಗೆ ಇಳಿಯುವುದು ಸೋರುವ ಸೂರಿನ ಕೆಳಗೆ ನೆಲ ಸಾರಿಸಿದಂತೆ.

ಕಲೆಯಂತೆ ಕಂಡದ್ದೆಲ್ಲ ಕಲೆಯಾಗಿರುವುದಿಲ್ಲ ಎಂಬ ಎಚ್ಚರವೂ ಬೇಕು. ಯಾವ ಗಾಯವೂ ಇಲ್ಲದೆ ಎದ್ದು ನಿಧಾನವಾಗಿ ಹಿಗ್ಗುತ್ತಿರುವ ಗಟ್ಟಿ ಗಂಟು ಕೀಲಾಯ್ಡನ್ನು ಹೋಲುವ ಅಪರೂಪದ ಚರ್ಮದ ಗಡ್ಡೆಯೂ ಆಗಿರಬಹುದು. ಅನುಮಾನವಿದ್ದಲ್ಲಿ ಸಣ್ಣ ತುಣುಕು ತೆಗೆದು ಪರೀಕ್ಷಿಸಿದ ಮೇಲೆಯೇ ಲೇಸರ್. ಹಲವು ವರ್ಷ ಹಳೆಯ ಸುಟ್ಟ ಕಲೆಯಲ್ಲಿ ಹುಣ್ಣಾಗಿ ವಾರಗಳು ಕಳೆದರೂ ಮಾಯದೆ, ಅಂಚು ಮೇಲೆದ್ದು ರಕ್ತ ಜಿನುಗುತ್ತಿದ್ದರೆ ಅದು ಕ್ಯಾನ್ಸರಿನ ಸೂಚನೆ ಆಗಿರಬಹುದು. ಅಂಥ ಹುಣ್ಣಿಗೆ ಮುಲಾಮು ಹಚ್ಚುತ್ತಾ ದಿನ ಕಳೆಯಬಾರದು.

ಕೀಲಾಯ್ಡ್ ಇಳಿದ ಮೇಲೂ ವೈದ್ಯರು ಎರಡು ವರ್ಷದಷ್ಟು ಕಾಲ ಆಗಾಗ ಬಂದು ತೋರಿಸಲು ಹೇಳುವುದು ಸುಮ್ಮನೆ ಅಲ್ಲ. ಅದು ಮರಳುವಾಗ ಕಣ್ಣಿಗೆ ಕಾಣುವ ಮೊದಲೇ ಬೆರಳಿಗೆ ತಿಳಿಯುತ್ತದೆ: ಸಮತಟ್ಟಾಗಿದ್ದ ಜಾಗದ ಒಂದು ಅಂಚಿನಲ್ಲಿ ಸಾಸಿವೆಯಷ್ಟು ಗಟ್ಟಿ, ಅದರ ಸುತ್ತ ಸಂಜೆಯ ಹೊತ್ತಿಗೆ ಏಳುವ ಸಣ್ಣ ನವೆ. ವಾರಕ್ಕೊಮ್ಮೆ ಆ ಜಾಗದ ಮೇಲೆ ಬೆರಳಾಡಿಸಿ ನೋಡಿಕೊಂಡು, ಇಂಥ ಸುಳಿವು ಸಿಕ್ಕ ಕೂಡಲೇ ಹೋದವರಿಗೆ ಎಷ್ಟೋ ಸಲ ಒಂದೆರಡು ಚುಚ್ಚುಮದ್ದಿನಲ್ಲೇ ಕೆಲಸ ಮುಗಿಯುತ್ತದೆ. ಅದು ಕಣ್ಣಿಗೆ ಕಾಣುವಷ್ಟು ಬೆಳೆಯಲಿ ಎಂದು ಕಾದವರು ಮತ್ತೆ ಮೊದಲ ಚುಚ್ಚುಮದ್ದಿನ ಆ ಗಟ್ಟಿ ರಬ್ಬರಿನಿಂದಲೇ ಶುರುಮಾಡಬೇಕಾಗುತ್ತದೆ.